ಕಾಯ್ದೆ ಬರೆದರಷ್ಟೇ ಸಾಲದು: ಉಗಾಂಡಾದ ಮಹಿಳಾ ಸಂಶೋಧಕರ ಹಾದಿ

1998ರಲ್ಲಿ ಉಗಾಂಡಾ ಸಂಸತ್ತು ಭೂ ಕಾಯ್ದೆಯನ್ನು ಚರ್ಚೆಗೆ ಎತ್ತಿಕೊಂಡಿತು. ಸಂಸಾರ ನಡೆಯುವುದೇ ಯಾವ ಜಮೀನಿನಿಂದಲೋ ಅದರಲ್ಲಿ ಹೆಂಡತಿಗೂ ಜಂಟಿ ಒಡೆತನ ಬೇಕೆಂದು ಸಂಸದೆ ಮಿರಿಯಾ ಮಾಟೆಂಬೆ ಪಟ್ಟು ಹಿಡಿದರು. ಸದನ ಒಪ್ಪಿತೆಂದೇ ಮಹಿಳಾ ಸಂಘಟನೆಗಳು ನಂಬಿದ್ದವು. ಆದರೆ ಅಚ್ಚಾಗಿ ಬಂದ ಕಾಯ್ದೆಯಲ್ಲಿ ಆ ಕಲಮೇ ಇರಲಿಲ್ಲ.

ಆ ಕಲಮು ಬೇಕಿದ್ದದ್ದು ಯಾಕೆಂದರೆ, ಉತ್ತು ಬಿತ್ತುವವಳು ಹೆಂಡತಿ, ಜಮೀನು ಮಾತ್ರ ಸಾಮಾನ್ಯವಾಗಿ ಗಂಡನ ಹೆಸರಿಗೋ ಅವನ ಕುಲಕ್ಕೋ ಸೇರಿದ್ದು. ಗಂಡ ತೀರಿಕೊಂಡರೆ ಅವನ ಕಡೆಯವರೇ ಅವಳನ್ನು ಎಬ್ಬಿಸಿ ಕಳಿಸಿಬಿಡುವುದೂ ಉಂಟು. ಸಂಶೋಧಕರು, ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 2004ರ ತಿದ್ದುಪಡಿ ಬಂತು. ಕುಟುಂಬದ ಜಮೀನಿನಲ್ಲಿ ಬದುಕುವ ಹಕ್ಕು, ಅದರ ಮಾರಾಟಕ್ಕೆ ಒಪ್ಪಿಗೆ ಕೊಡುವ ಇಲ್ಲವೇ ನಿರಾಕರಿಸುವ ಹಕ್ಕು ಸಂಗಾತಿಗೆ ಸಿಕ್ಕಿದವು. ಒಡೆತನ ಸಿಗಲಿಲ್ಲ. ಇದನ್ನು ಗೆಲುವೆಂದು ಕರೆಯಲು ನನಗೆ ಮನಸ್ಸು ಬಾರದು.

ಲಿಂಗ ಸಮಾನತೆಯ ನೀತಿ ರೂಪಿಸುವುದನ್ನೇ ವೃತ್ತಿಯಾಗಿ ಆರಿಸಿಕೊಳ್ಳುವವರು ಈ ಪ್ರಸಂಗವನ್ನು ಮೊದಲು ಓದಬೇಕು. ಭಾಷಣ, ಸಮಾವೇಶಗಳೆಲ್ಲ ಈ ಕೆಲಸದ ಸಣ್ಣ ಭಾಗ. ಕರಡಿನ ಪ್ರತಿ ಸಾಲಿನ ಮೇಲೂ ಕಣ್ಣಿಡುವುದು, ಹಳ್ಳಿಯ ಹೆಂಗಸರ ಮಾತನ್ನು ಅವರದೇ ನುಡಿಯಲ್ಲಿ ಕೇಳುವುದು, ಅಂಕಿಅಂಶಗಳನ್ನು ಬಿಡಿಸಿ ನೋಡುವುದು ದಿನನಿತ್ಯದ ದುಡಿಮೆ. ಈ ದುಡಿಮೆಗೆ ಓದಿನ ಬಾಗಿಲೂ ಇದೆ: ಕಂಪಾಲಾದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ವಿಭಾಗ ಶುರುವಾಗಿದ್ದು 1991ರಲ್ಲಿ.

ಆದರೆ ಎಲ್ಲರೂ ಅದೇ ಬಾಗಿಲಿನಿಂದ ಬಂದವರಲ್ಲ. ವಿನಿ ಬ್ಯಾನ್ಯಿಮಾ ಓದಿದ್ದು ವಿಮಾನ ಎಂಜಿನಿಯರಿಂಗ್. ಸಂವಿಧಾನ ರಚನಾ ಸಭೆಯ ಸದಸ್ಯೆಯಾದರು, ಸಂಸದೆಯಾದರು, ‘ಫೊವೊಡೆ’ ಎಂಬ ಮಹಿಳಾ ಸಂಘಟನೆ ಕಟ್ಟಿದರು. ಮುಂದೆ ಆಫ್ರಿಕನ್ ಒಕ್ಕೂಟ, ಬಡತನದ ವಿರುದ್ಧ ದುಡಿಯುವ ಆಕ್ಸ್‌ಫ್ಯಾಮ್ ಸಂಸ್ಥೆಗಳನ್ನು ದಾಟಿ 2019ರಲ್ಲಿ ವಿಶ್ವಸಂಸ್ಥೆಯ ಏಡ್ಸ್ ನಿಯಂತ್ರಣ ಸಂಸ್ಥೆಯ ಚುಕ್ಕಾಣಿ ಹಿಡಿದರು. ಹುದ್ದೆಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಫೊವೊಡೆ ಕೈಹಾಕಿದ ಲಿಂಗಾಧಾರಿತ ಬಜೆಟ್ ವಿಶ್ಲೇಷಣೆ. ಸರ್ಕಾರದ ಹಣದಲ್ಲಿ ಹೆಂಗಸರಿಗೆ ತಲುಪಿದ್ದೆಷ್ಟು ಎಂದು ಆಯವ್ಯಯ ಪುಸ್ತಕವನ್ನೇ ಮುಂದಿಟ್ಟು ಕೇಳುವ ಕ್ರಮವದು. ಇಂಥ ಒತ್ತಾಯಗಳ ಫಲವಾಗಿ, 2015ರ ಹಣಕಾಸು ನಿರ್ವಹಣಾ ಕಾಯ್ದೆ ಬಜೆಟ್‌ಗೆ ಲಿಂಗ ಸಮಾನತೆಯ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿತು. ಸಮಾನ ಅವಕಾಶ ಆಯೋಗದ ಜೊತೆ ಸಮಾಲೋಚಿಸಿ ಹಣಕಾಸು ಸಚಿವರು ಅದನ್ನು ಕೊಡಬೇಕು.

ಪ್ರಮಾಣಪತ್ರ ಇರುವುದು ಯೋಜನೆಗೆ. ಹಣ ಬಿಡುಗಡೆಯಾಯಿತೇ, ಊರಿಗೆ ಬಂತೇ ಎಂಬುದು ಬೇರೆ ಲೆಕ್ಕ. ಅದನ್ನು ನೋಡಲೆಂದೇ ಫೊವೊಡೆ ಹಳ್ಳಿಗಳಲ್ಲಿ ಬಜೆಟ್ ಕ್ಲಬ್‌ಗಳನ್ನು ಕಟ್ಟಿದೆ. ಆರೋಗ್ಯ ಕೇಂದ್ರಕ್ಕೆ ಔಷಧ ಬಂದಿದೆಯೇ, ಶಾಲೆಯಲ್ಲಿ ಮೇಷ್ಟ್ರಿದ್ದಾರೆಯೇ ಎಂದು ಊರಿನವರೇ ವಿಚಾರಿಸುತ್ತಾರೆ, ಇಲ್ಲದಿದ್ದರೆ ಜಿಲ್ಲಾ ಅಧಿಕಾರಿಗಳನ್ನು ಎದುರಿಗೇ ಕೇಳುತ್ತಾರೆ.