ಮನೆಯಲ್ಲೊಂದು ಬಡಿಗತನದ ಮೇಜು

ಹಿಂಗಾರಿ ಜೋಳದ ಬಿತ್ತನೆಗೆ ಹದ ಬಂದ ಮೇಲೆ ಎರೆ ಹೊಲ ಯಾರಿಗೂ ಕಾಯುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ಆ ಕೆಲವೇ ದಿನಗಳಲ್ಲಿ ಕೂರಿಗೆಯ ಈಸು ಸೀಳಿದರೆ ಬಡಿಗರ ಮನೆಯ ಮುಂದೆ ಸರದಿ ಕಾಯಬೇಕು. ಅಷ್ಟರಲ್ಲಿ ಹಸಿ ಆರಿಹೋಗುತ್ತದೆ. ಹಿಂದೆ ಊರ ಬಡಿಗರು ಆಯಕ್ಕೆ ದುಡಿಯುತ್ತಿದ್ದರು. ರಾಶಿಯ ಕಾಲಕ್ಕೆ ಕಾಳು ಕೊಟ್ಟರೆ ವರ್ಷದ ದುರಸ್ತಿಯೆಲ್ಲ ನಡೆಯುತ್ತಿತ್ತು. ಆ ಪದ್ಧತಿ ಈಗ ಬಹುಮಟ್ಟಿಗೆ ನಿಂತಿದೆ. ಟ್ರ್ಯಾಕ್ಟರೂ ಕಬ್ಬಿಣದ ಸಾಮಾನೂ ಬಂದಿವೆ, ನಿಜ. ಆದರೂ ಗುದ್ದಲಿ ಕೊಡಲಿಗಳ ಕಾವು, ನೊಗ, ಚಕ್ಕಡಿಯ ಹಲಗೆ, ಗೋದಲಿ, ಬಾಗಿಲು ಇವುಗಳಲ್ಲಿ ಮರದ ಕೆಲಸ ಇದ್ದೇ ಇದೆ. ಕೂರಿಗೆಯ ತಾಳಿನಂಥ ನಾಜೂಕು ಕೆಲಸ ಬಡಿಗರಿಗೇ ಇರಲಿ. ಉಳಿದ ಸಣ್ಣಪುಟ್ಟ ಕೆಲಸವನ್ನು ರೈತನು ಮನೆಯಲ್ಲೇ ಮಾಡಿಕೊಳ್ಳಬಹುದು.

ಆದರೆ ನಮ್ಮಲ್ಲಿ ಅನೇಕರು ನೆಲದ ಮೇಲೆ ಕುಳಿತು, ಕಟ್ಟಿಗೆಯನ್ನು ಪಾದದಿಂದ ಒತ್ತಿ ಹಿಡಿದು ಬಾಚಿ ಬೀಸುತ್ತಾರೆ. ಬಾಚಿ ಜಾರಿದರೆ ಪೆಟ್ಟು ಮೊಳಕಾಲಿನ ಕೆಳಗೇ. ಕಟ್ಟಿಗೆಯನ್ನು ಅಲುಗದಂತೆ ಹಿಡಿಯುವ ಕೆಲಸ ಕಾಲಿನದಲ್ಲ, ಮೇಜಿನದು.

ಮೇಜಿಗೆ ಮೊದಲು ಬೇಕಾದದ್ದು ಒಣಗಿದ ಕಟ್ಟಿಗೆ. ಬಾಂದಿನ ಮೇಲಿನ ಜಾಲಿ ಕಾಲುಗಳಿಗೆ ಬಲು ಗಟ್ಟಿ. ಮೇಲಿನ ಹಲಗೆಗೆ ಬೇವು ಆಗುತ್ತದೆ. ಹಸಿ ಜಾಲಿಯ ದಿಮ್ಮಿಯನ್ನು ಕೆಲವು ತಿಂಗಳು ನೀರಿನಲ್ಲಿ ಮುಳುಗಿಸಿಡುವ ಹಳೆಯ ರೂಢಿ ಸರಿಯಾದದ್ದೇ: ಹುಳುವಿಗೆ ಆಹಾರವಾಗುವ ರಸವು ನೀರಿಗೆ ಬಿಟ್ಟು, ಕುಟ್ಟೆ ಹಿಡಿಯುವುದು ಕಡಿಮೆಯಾಗುತ್ತದೆ. ಕೊಯ್ಸಿದ ಹಲಗೆಗಳ ತುದಿಗೆ ಸಗಣಿ-ಮಣ್ಣು ಮೆತ್ತಿ, ನಡುನಡುವೆ ಪಟ್ಟಿ ಇಟ್ಟು ನೆರಳಿನಲ್ಲಿ ಒಟ್ಟಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಸಾಮಾನ್ಯ ಲೆಕ್ಕ. ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ, ಅಷ್ಟೇ ಬೇಗ ಸೀಳುತ್ತದೆ. ನೀಲಗಿರಿ ತಿರುಚಿಕೊಳ್ಳುವ ಜಾತಿ, ಬೇಡ. ಮರ ಕಡಿಯುವ ಮುನ್ನ ಅರಣ್ಯ ಇಲಾಖೆಯವರನ್ನು ವಿಚಾರಿಸಿರಿ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಹೊಲದ ಮರಕ್ಕೂ ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ.

ಇದಕ್ಕಿಂತ ಒಳ್ಳೆಯ ಕಟ್ಟಿಗೆ ಮನೆಯಲ್ಲೇ ಬಿದ್ದಿರಬಹುದು. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ಬಂದ ಮೇಲೆ ಮೂಲೆ ಸೇರಿದ ಕೈಮಗ್ಗದ ಕಂಬಗಳುಂಟು. ಬೀಳಗಿಯ ಕಡೆ ಆಲಮಟ್ಟಿ ಹಿನ್ನೀರಿನಿಂದ ಊರು ಬಿಟ್ಟವರು ಹಳೆಯ ಮನೆಯ ತೊಲೆ, ಜಂತಿಗಳನ್ನು ತಂದಿಟ್ಟುಕೊಂಡಿದ್ದರೆ ಅವನ್ನು ಒಲೆಗೆ ಹಾಕಬೇಡಿರಿ. ಹತ್ತಾರು ವರ್ಷ ಒಣಗಿದ ಅಂಥ ಮರ ಇನ್ನು ಬಾಗುವುದಿಲ್ಲ. ಮೊಳೆಗಳನ್ನು ಮಾತ್ರ ಹುಡುಕಿ ಕೀಳಬೇಕು, ಇಲ್ಲವಾದರೆ ರಂದಾದ ಅಲಗು ಹೋಗುತ್ತದೆ.

ಅಳತೆ: ಉದ್ದ 6 ಅಡಿ, ಅಗಲ 2 ಅಡಿ, ಹಲಗೆಯ ದಪ್ಪ ಎರಡೂವರೆಯಿಂದ 3 ಅಂಗುಲ, ಕಾಲು 4 ಅಂಗುಲ ಚೌಕ. ಎತ್ತರವನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡಿರಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಲ್ಲಿಗೆ ಮೇಜಿನ ಮೇಲ್ಮೈ ಇರಲಿ. ಕಾಲಿನಲ್ಲಿ ಆರಪಾರ ತೂತು ಹೊಡೆದು, ಅಡ್ಡಪಟ್ಟಿಯ ತುದಿಯನ್ನು ಅದಕ್ಕೆ ಕೆತ್ತಿ ಕೂರಿಸಿ, ಬೆಣೆ ಬಡಿಯಬೇಕು. ಅಂಟು ಬೇಡ. ಏಪ್ರಿಲ್-ಮೇ ತಿಂಗಳಲ್ಲಿ ಮರ ಕುಗ್ಗಿ ಕೀಲು ಸಡಿಲಾದರೆ ಬೆಣೆಗೊಂದು ಪೆಟ್ಟು ಸಾಕು. ಅಂಟು ಬಿಟ್ಟರೆ ಎಲ್ಲವನ್ನೂ ಬಿಚ್ಚಬೇಕು. ಮೇಲಿನ ಹಲಗೆಗೂ ಮೊಳೆಯ ಬದಲು ಮರದ ಗೂಟ ಹಾಕಿರಿ. ಕೆಳಗಿನ ಪಟ್ಟಿಗಳ ಮೇಲೆ ಹಲಗೆ ಹಾಸಿ ನಾಲ್ಕಾರು ಕಲ್ಲು ಹೇರಿದರೆ ರಂದಾ ಒತ್ತಿದಾಗ ಮೇಜು ಸರಿಯುವುದಿಲ್ಲ.

ಕಾಲುಗಳನ್ನು ನೆಲದಲ್ಲಿ ಹುಗಿಯುವುದು ಸುಲಭವೆಂದು ತೋರುತ್ತದೆ. ಆದರೆ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಮೇಜಿನ ಮಟ್ಟ ಕೆಡುತ್ತದೆ. ಗೆದ್ದಲಿಗೂ ಅದೇ ದಾರಿ. ಮೊರಮು ಹಾಕಿ ಬಡಿದು, ಪ್ರತಿ ಕಾಲಿನ ಕೆಳಗೆ ಫರಸಿ ಕಲ್ಲು ಕೂರಿಸಿರಿ. ಕಾಲುವೆ ನೀರಾವರಿಯ ತೇವದ ಜಾಗದಲ್ಲಿ ಇದು ಇನ್ನೂ ಅವಶ್ಯ.

ಹಿಡಿತಕ್ಕೆ ಕಬ್ಬಿಣದ ಶಿಕಂಜಾ ಕೊಳ್ಳಲೇಬೇಕೆಂದಿಲ್ಲ. ಬಲಗೈಯವರು ಮೇಜಿನ ಎಡತುದಿಯಲ್ಲಿ ಬೈರಿಗೆಯಿಂದ ಮುಕ್ಕಾಲು ಅಂಗುಲದ ತೂತು ಕೊರೆದು, ಏರಿಳಿಸಬಹುದಾದ ಗೂಟ ಹಾಕಿದರೆ ರಂದಾ ಹೊಡೆಯುವಾಗ ಕಟ್ಟಿಗೆ ಅದಕ್ಕೆ ತಾಗಿ ನಿಲ್ಲುತ್ತದೆ. ಅಡ್ಡ ಹಿಡಿಯಲು ಎರಡು ಪಟ್ಟಿಗಳನ್ನು ಗೂಟದಿಂದ ಕೂರಿಸಿ, ನಡುವೆ ಕಟ್ಟಿಗೆಯಿಟ್ಟು, ಎದುರುಬದುರಾಗಿ ಎರಡು ಬೆಣೆ ಬಡಿಯಿರಿ. ದುಂಡು ಕಾವಿಗೆ ಹರಿ ಕೊರೆದ ಎರಡು ತುಂಡುಗಳು ಸಾಕು. ಬಾಚಿಯ ಕೆಲಸ ಮಾತ್ರ ಈ ಮೇಜಿನ ಮೇಲೆ ಬೇಡ; ಅದಕ್ಕೆ ಪಕ್ಕದಲ್ಲಿ ಜಾಲಿಯ ಗಿಡ್ಡ ಕೊರಡು ಇರಲಿ.

ಮೇಜಿನ ಮುಂದೆ ಉತ್ತರದ ಕಿಟಕಿ ಇದ್ದರೆ ಬೆಳಕು ದಿನವಿಡೀ ಸಮವಾಗಿರುತ್ತದೆ, ಮುಂಗಾರಿನ ಪಡುವಣ ಗಾಳಿಯ ಇರಚಲೂ ಒಳಗೆ ಬಾರದು. ಮೇಜಿನ ಬಲತುದಿ ಬಾಗಿಲಿನ ನೇರಕ್ಕೆ ಬರಲಿ. ಈಸು, ಚಕ್ಕಡಿಯ ಮೂಕಿಯಂಥ ಉದ್ದ ಸಾಮಾನು ಹೊರಗೆ ಚಾಚಿಕೊಳ್ಳಬಹುದು. ಬೆನ್ನ ಹಿಂದೆ 3 ಅಡಿ ಜಾಗ ಬಿಡಬೇಕು. ಉಳಿ, ಗರಗಸ, ಕೊಡತಿಗಳನ್ನು ಕಿಟಕಿಯ ಪಕ್ಕದ ಗೋಡೆಗೆ, ಮಕ್ಕಳ ಕೈಗೆ ಸಿಗದಷ್ಟು ಮೇಲೆ ತೂಗುಹಾಕಿರಿ. ನೇಕಾರಿಕೆಯ ಮನೆಯಲ್ಲಿ ಮಗ್ಗದ ಕೋಣೆ ಬೇಡ, ಗರಗಸದ ಪುಡಿ ನೂಲಿಗೆ ಕೂಡುತ್ತದೆ. ಮುಧೋಳ, ಜಮಖಂಡಿ ಕಡೆ ಗಾಣದ ಮನೆಯ ಛಪ್ಪರ ಖಾಲಿ ಇದೆಯೆಂದು ಅಲ್ಲಿ ಹೂಡಲು ಮನಸ್ಸಾಗುವುದು ಸಹಜ. ಬೆಲ್ಲದ ಹಂಗಾಮಿನಲ್ಲಿ ಒಲೆಯ ಕಿಡಿಗೆ ಈ ಒಣ ಹೊಟ್ಟಿಗಿಂತ ಹೆಚ್ಚಿನದೇನೂ ಬೇಕಿಲ್ಲ. ಎಲ್ಲಿಯೇ ಇರಲಿ, ಸಂಜೆಗೆ ಹೊಟ್ಟು ಗುಡಿಸಿ ತಿಪ್ಪೆಗೆ ಹಾಕಿರಿ. ತಿಪ್ಪೆಯಲ್ಲಿ ಅದು ನಿಧಾನವಾಗಿ ಕೊಳೆಯುವುದರಿಂದ ಸಗಣಿಯೊಡನೆ ತೆಳುವಾಗಿ ಬೆರೆಸುವುದು ಒಳ್ಳೆಯದು.