ಗಾಳಿಯಲ್ಲಿನ ಸೀಸಕ್ಕೆ ಲೆಕ್ಕವಿಡುವ ಯಂತ್ರ

ಕೊಯಮತ್ತೂರಿನ ಪೀಳಮೇಡಿನಲ್ಲಿ ಸೀಸದ ಗಣಿಯಿಲ್ಲ. ಆದರೆ ಕೊಯಮತ್ತೂರು ಪಂಪು, ಮೋಟಾರು, ಫೌಂಡ್ರಿಗಳ ಊರು. ಪಂಪಿನ ಬುಷ್‌ಗೆ ಎರಕ ಹೊಯ್ಯುವ ಕೆಲವು ಬಗೆಯ ಕಂಚಿನಲ್ಲಿ ಸೀಸ ಬೆರೆತಿರುತ್ತದೆ; ಹಳೆಯ ಬ್ಯಾಟರಿ ಕರಗಿಸುವಲ್ಲಂತೂ ಸೀಸವೇ ಸರಕು. ರಾಜಸ್ಥಾನದ ರಾಂಪುರ ಆಗೂಚಾ ಗಣಿಯ ಧೂಳಿರಲಿ, ನಗರದ ಕುಲುಮೆಯ ಹೊಗೆಯಿರಲಿ, ಅದರಲ್ಲಿನ ಸೀಸವನ್ನು ಹಿಡಿಯುವ ವಿಧಾನ ಒಂದೇ.

ಕಟ್ಟಡದ ಮಾಳಿಗೆಯ ಮೇಲೆ ನಿಲ್ಲಿಸುವ ಧೂಳು ಸಂಗ್ರಾಹಕ ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಒಳಗಿನ ಸೈಕ್ಲೋನ್ ಗಾಳಿಯನ್ನು ಗಿರ್ರನೆ ಸುತ್ತಿಸಿದಾಗ ದಪ್ಪ ಕಣಗಳು ಕೆಳಗೆ ಬೀಳುತ್ತವೆ. 10 ಮೈಕ್ರಾನಿಗಿಂತ ಸಣ್ಣ ಧೂಳು ಗಾಜಿನೆಳೆಯ ಫಿಲ್ಟರ್ ಕಾಗದದ ಮೇಲೆ ಕೂರುತ್ತದೆ. ಪ್ರಯೋಗಾಲಯದಲ್ಲಿ ಆ ಕಾಗದವನ್ನು ಆಮ್ಲದಲ್ಲಿ ಕಾಯಿಸಿ, ಬಂದ ದ್ರಾವಣವನ್ನು ಜ್ವಾಲೆಗೆ ಸಿಂಪಡಿಸುತ್ತಾರೆ. ಜ್ವಾಲೆಯ ಮೂಲಕ ಹಾಯಿಸುವ ಬೆಳಕು ಸೀಸದ್ದೇ ದೀಪದಿಂದ ಬರುತ್ತದೆ. ಅದರ 283.3 ನ್ಯಾನೋಮೀಟರ್ ತರಂಗವನ್ನು ಸೀಸದ ಪರಮಾಣುಗಳು ಹೀರುತ್ತವೆ. ಬೆಳಕು ಎಷ್ಟು ಕುಗ್ಗಿತೋ ಅದರಿಂದ ಸೀಸದ ಪ್ರಮಾಣ ತಿಳಿಯುತ್ತದೆ. 1950ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಅಲನ್ ವಾಲ್ಶ್ ರೂಪಿಸಿದ ತಂತ್ರವಿದು.

2009ರ ರಾಷ್ಟ್ರೀಯ ಮಾನದಂಡದಂತೆ ಒಂದು ಘನ ಮೀಟರ್ ಗಾಳಿಯಲ್ಲಿ ಸೀಸ ದಿನದ ಸರಾಸರಿಯಲ್ಲಿ 1 ಮೈಕ್ರೋಗ್ರಾಂ, ವರ್ಷದ ಸರಾಸರಿಯಲ್ಲಿ 0.5 ಮೈಕ್ರೋಗ್ರಾಂ ಮೀರಬಾರದು. ಗಾಳಿ ದಿನದ ಮಿತಿಯಲ್ಲೇ ಇದ್ದರೆ ಇಡೀ ದಿನದಲ್ಲಿ ಯಂತ್ರಕ್ಕೆ ಸಿಗುವುದು 1.6 ಮಿಲಿಗ್ರಾಂ ಸೀಸ, ಒಂದು ಸಾಸಿವೆ ಕಾಳಿನ ತೂಕಕ್ಕೂ ಕಡಿಮೆ.

ಯಂತ್ರ ಎಲ್ಲಿ ನಿಂತಿದೆ ಎಂಬುದೂ ಅಷ್ಟೇ ಮುಖ್ಯ. ಮುಂಗಾರಿನಲ್ಲಿ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಪಡುವಣ ಗಾಳಿ ಹೊಗೆಯನ್ನು ಮೂಡಣಕ್ಕೆ ಒಯ್ಯುತ್ತದೆ. ಆಗ ಕುಲುಮೆಯ ಪಡುವಣಕ್ಕಿರುವ ಯಂತ್ರ ಎಲ್ಲವೂ ಸರಿಯಿದೆ ಎಂದೇ ವರದಿ ಕೊಡುತ್ತದೆ. ಗಾಳಿಯ ದಿಕ್ಕನ್ನು ದಾಖಲಿಸುವ ಹವಾಮಾನ ವೀಕ್ಷಣಾಲಯ ಪೀಳಮೇಡಿನಲ್ಲೇ ಇದೆ; ಆ ದಾಖಲೆಯನ್ನು ನೋಡಿಕೊಂಡು ಕುಲುಮೆಯ ಎರಡೂ ಬದಿಗೆ ಯಂತ್ರವಿಡಬೇಕು.

ಗಾಳಿಯ ಲೆಕ್ಕವೊಂದೇ ಸಾಲದು. 2000ನೇ ಇಸವಿಯಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು. ಹೊಗೆಯಲ್ಲಿನ ಸೀಸದ ದೊಡ್ಡ ಮೂಲವೊಂದು ಮುಚ್ಚಿತು. ಆದರೆ ನೆಲಕ್ಕಿಳಿದ ಸೀಸ ಕೊಳೆಯುವುದಿಲ್ಲ. ಜಾಂಬಿಯಾದ ಕಬ್ವೆಯಲ್ಲಿ ಗಣಿ 1994ರಲ್ಲೇ ಮುಚ್ಚಿದರೂ ಅಲ್ಲಿನ ಮಕ್ಕಳ ರಕ್ತದಲ್ಲಿ ಸೀಸ ಇಂದಿಗೂ ಸಿಗುತ್ತಿದೆ. ಸೀಸಕ್ಕೆ ನಿರಪಾಯದ ಮಟ್ಟ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದ್ದರಿಂದ ಕುಲುಮೆಗಳಿರುವ ಕಡೆ ಫಿಲ್ಟರ್ ಕಾಗದದ ಜೊತೆಗೆ ಅಂಗಳದ ಮಣ್ಣನ್ನೂ ಮಕ್ಕಳ ರಕ್ತವನ್ನೂ ಪರೀಕ್ಷಿಸಲೇಬೇಕು.