ತಾಯಂದಿರಿದ್ದೂ ಬೆಳೆಯದ ಮಂದೆ

ಪ್ರಶ್ನೆ: ಅಮೆರಿಕದ ಪರ್ವತಗಳಲ್ಲಿ ಬೇಟೆಗೆ ಕಟ್ಟುಪಾಡು ವಿಧಿಸಿದ್ದರೂ ಬಿಗ್‌ಹಾರ್ನ್ ಕಾಡುಕುರಿಗಳ ಕೆಲವು ಮಂದೆಗಳು ವೃದ್ಧಿಯಾಗದಿರುವುದೇಕೆ?

ಉತ್ತರ: ಇದಕ್ಕೆ ಅನೇಕ ಕಡೆ ಪ್ರಧಾನ ಕಾರಣ ಕೋವಿಯಲ್ಲ, ತೋಳವೂ ಅಲ್ಲ, ಮೈಕೋಪ್ಲಾಸ್ಮಾ ಓವಿನ್ಯುಮೋನಿಯೆ ಎಂಬ, ಬರಿಗಣ್ಣಿಗೆ ಗೋಚರಿಸದ ಸೂಕ್ಷ್ಮಜೀವಿ. ಸಾಕುಕುರಿ, ಮೇಕೆಗಳ ಮೂಗಿನಲ್ಲಿ ವಿಶೇಷ ಉಪದ್ರವವಿಲ್ಲದೆ ನೆಲಸಿರುವ ಈ ಜೀವಿಯು, ಮೇವಿನ ಬಯಲಿನಲ್ಲಿ ಮೂಗಿಗೆ ಮೂಗು ತಾಗಿದಷ್ಟರಿಂದಲೇ ಕಾಡುಕುರಿಯನ್ನು ಸೇರಿ, ಶ್ವಾಸನಾಳದ ಸೂಕ್ಷ್ಮರೋಮಗಳ ಚಲನೆಯನ್ನು ಕುಂದಿಸಿ, ಇತರ ರೋಗಾಣುಗಳಿಗೆ ಶ್ವಾಸಕೋಶದ ಬಾಗಿಲನ್ನು ತೆರೆದುಕೊಡುತ್ತದೆ. ಮೊದಮೊದಲು ಎಳೆಯದು, ಬಲಿತದು ಎಂಬ ಭೇದವಿಲ್ಲದೆ ಮರಣ ಸಂಭವಿಸುವುದುಂಟು. ಅದಕ್ಕಿಂತ ದಾರುಣವಾದುದು ತರುವಾಯದ ಕಥೆ. ಬದುಕುಳಿದ ತಾಯಂದಿರಲ್ಲಿ ಕೆಲವು ರೋಗಾಣುವನ್ನು ಹೊತ್ತೇ ಇರುವುದರಿಂದ, ವಸಂತದಲ್ಲಿ ಹುಟ್ಟಿ ಬಂಡೆಯಿಂದ ಬಂಡೆಗೆ ನೆಗೆಯುತ್ತಿದ್ದ ಮರಿಗಳು, ಬೇಸಗೆ ಕಳೆಯುವಷ್ಟರಲ್ಲಿ ಕಿವಿ ಜೋತು, ಕೆಮ್ಮಿ ಕೆಮ್ಮಿ ಒಂದೊಂದಾಗಿ ಅಳಿಯುತ್ತವೆ. ತಾಯಿಯೊಂದು ವರ್ಷಕ್ಕೆ ಸಾಮಾನ್ಯವಾಗಿ ಈಯುವುದು ಒಂದೇ ಮರಿಯಾದುದರಿಂದ ಈ ನಷ್ಟ ಸುಲಭವಾಗಿ ತುಂಬಿಬರುವಂಥದಲ್ಲ.

ಆದಕಾರಣ ಸಾಕುಕುರಿಗಳ ಹುಲ್ಲುಗಾವಲನ್ನು ಕಾಡುಕುರಿಗಳ ನೆಲೆಯಿಂದ ದೂರವಿರಿಸುವುದೇ ಮುಖ್ಯೋಪಾಯ. ದಕ್ಷಿಣ ಡಕೋಟದ ಕಸ್ಟರ್ ಉದ್ಯಾನದಲ್ಲಾದರೋ, ರೋಗವನ್ನು ನಿರಂತರವಾಗಿ ಹರಡುತ್ತಿದ್ದ ಕುರಿಗಳನ್ನು ಪರೀಕ್ಷಿಸಿ ಮಂದೆಯಿಂದ ತೆಗೆದ ಮೇಲೆ, ಮರಿಗಳು ಮರಳಿ ಬದುಕತೊಡಗಿದುವು.